ಹೋಗುವ ಮೊದಲೇ ಬರೆದಿಟ್ಟ ಭೂತಾನ

ರೋಣ

ಭೂತಾನಕ್ಕೆ ಹೋಗಿ ಬಂದು ತಿಂಗಳ ಮೇಲಾಯಿತು. ಹಿಮ ನೋಡಿದಿರಾ, ಬಂಡೆಗೆ ಅಂಟಿಕೊಂಡಿರುವ ಆ ಗುಡಿ ಹತ್ತಿದಿರಾ ಎಂದು ಕೇಳುವವರು ಇನ್ನೂ ಕೇಳುತ್ತಲೇ ಇದ್ದಾರೆ. ಹಿಮ ನೋಡಲಿಲ್ಲ, ಗುಡಿ ಹತ್ತಲಿಲ್ಲ. ಹೋಗುವಾಗ ಒಂದಿಷ್ಟು ಸಿಟ್ಟಿತ್ತು, ಬರುವಾಗ ಅದು ಬೆಳೆದು ದೊಡ್ಡದಾಗಿತ್ತು. ಅದನ್ನೇ ಬರೆಯುತ್ತಿದ್ದೇನೆ. ಹಿಮದ ವರ್ಣನೆ ಬೇಕಾದವರು ಬೇರೆಯವರನ್ನು ಓದಿಕೊಳ್ಳಬಹುದು.

ನನ್ನ ಹೆಸರು ಕಸ್ತೂರಿ. ರೋಣ ತಾಲೂಕಿನ ಒಂದು ಹಳ್ಳಿಯ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತಳಾದವಳು. ಹಳ್ಳಿಯ ಹೆಸರು ಹೇಳುವುದಿಲ್ಲ. ಜಕ್ಕಲಿಯಲ್ಲ, ಅಬ್ಬಿಗೇರಿಯಲ್ಲ, ಹೊಳೆಆಲೂರೂ ಅಲ್ಲ. ಅಲ್ಲಿಯವರು ಯಾರೂ ನನ್ನ ಮೇಲೆ ಏರಿ ಬರಬೇಕಾಗಿಲ್ಲ.

ಭೂತಾನದ ಒಂದು ಕಣಿವೆಯಲ್ಲಿ ರೈತರೂ ದನಗಾಹಿಗಳೂ ಸೇರಿ ತಮ್ಮದೇ ಪುಟ್ಟ ಸಹಕಾರಿ ಬ್ಯಾಂಕು ಕಟ್ಟಲು ಹೊರಟಿದ್ದರು. ಆ ದೇಶದ ಕಾನೂನಿನ ಪ್ರಕಾರ ಮೊದಲು ಉಪವಿಧಿ ಬರೆಯಬೇಕು. ಯಾರು ಸದಸ್ಯರು, ಯಾರಿಗೆ ಮತ, ಸಭೆ ಯಾವಾಗ, ಎಲ್ಲವನ್ನೂ ಬರೆದು ಸರಕಾರದ ಮುಂದಿಡಬೇಕು. ಸಹಕಾರದಲ್ಲಿ ಪಳಗಿದವರು ಬಂದು ಸಲಹೆ ಕೊಟ್ಟರೆ ಒಳ್ಳೆಯದು ಎಂದು ಅವರು ಯಾರನ್ನೋ ಕೇಳಿದರು, ಅವರು ಇನ್ಯಾರಿಗೋ ಹೇಳಿದರು, ಕಡೆಗೆ ಒಂದು ಪತ್ರ ನಮ್ಮ ಸಂಘದ ಅಧ್ಯಕ್ಷರಾದ ಶಂಕರಗೌಡರ ಕೈಗೆ ಬಂತು. ಗೌಡರಿಗೆ ಗಜೇಂದ್ರಗಡದಲ್ಲಿ ಅಂಗಡಿ, ನಮ್ಮೂರಲ್ಲಿ ಹೊಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಎಷ್ಟು ವರ್ಷವಾಯಿತೆಂದು ಅವರಿಗೇ ಮರೆತಿರಬೇಕು.

ತಂಡದಲ್ಲಿ ಒಬ್ಬ ಮಹಿಳೆ ಇರಬೇಕೆಂದು ಪತ್ರದಲ್ಲಿತ್ತು. ಗೌಡರು ನಮ್ಮ ಮನೆಗೆ ಬಂದರು.

"ಕಸ್ತೂರಕ್ಕ, ನೀವ ಬರ್ರಿ. ನೀವು ಬಂದ್ರ ವರದಿ ಬರಿಯೂ ಚಿಂತಿ ಇಲ್ಲ ನೋಡ್ರಿ."

"ಹೋಗಿ ಬಂದ ಮ್ಯಾಲ ಬರದ್ರಾತು, ಅದಕ್ಕೇನ್ರಿ," ಎಂದೆ.

"ಏ, ಹೋಗೂಕಿಂತ ಮೊದ್ಲ ಬರದಿಟ್ಟ ಬಿಡ್ರಿ. ಏನ್ ಕಲ್ಸಿದ್ವಿ, ಅವ್ರಿಗೆ ಏನ್ ಸಲಹಾ ಕೊಟ್ವಿ, ಎಲ್ಲಾ. ಮುಂದ ಆರಾಮ ತಿರಗ್ಯಾಡೂಣು."

ನನಗೆ ಸಿಟ್ಟು ಬಂತು. ಆದರೂ ಬರೆದೆ. ಇದನ್ನು ನಮ್ಮ ಕಡೆ ಸಂಘಗಳ ಒಳಗಿದ್ದವರು ಮಾತ್ರ ಅರ್ಥ ಮಾಡಿಕೊಂಡಾರು. ನನ್ನ ನೌಕರಿಯುದ್ದಕ್ಕೂ ವಾರ್ಷಿಕ ಸಭೆಯ ನಡಾವಳಿಯನ್ನು ನಾನು ಸಭೆಯ ಹಿಂದಿನ ದಿನವೇ ಬರೆದಿಟ್ಟಿದ್ದೇನೆ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಸಭೆ ವಂದನಾರ್ಪಣೆಯೊಂದಿಗೆ ಹೇಗೆ ಮುಗಿಯಿತು, ಎಲ್ಲವೂ ಮೊದಲೇ ಪುಸ್ತಕದಲ್ಲಿ ಇರುತ್ತಿತ್ತು. ಕೈ ಆ ರೂಢಿಗೆ ಬಿದ್ದಿತ್ತು. ಎರಡು ಸಂಜೆಯಲ್ಲಿ ಭೂತಾನ ಮುಗಿಸಿಬಿಟ್ಟೆ. ಗೌಡರು ಅದನ್ನು ಯಾರ ಕೈಯಿಂದಲೋ ಇಂಗ್ಲಿಷಿಗೆ ಮಾಡಿಸಿ, ಸಲಹೆಯ ಭಾಗವನ್ನು ಮುಂಚಿತವಾಗಿ ಅಲ್ಲಿಗೆ ಕಳಿಸಿದರಂತೆ. ಅದು ನನಗೆ ಆಗ ಗೊತ್ತಿರಲಿಲ್ಲ.

ಫುಂಟ್‌ಶೋಲಿಂಗ್, ಗಡಿ

ನಾವು ಮೂವರು. ಗೌಡರು, ನಾನು, ಮತ್ತು ನರಗುಂದದ ಈರಪ್ಪ. ಈರಪ್ಪ ಅಲ್ಲಿಯ ಒಂದು ಸಂಘದ ನಿರ್ದೇಶಕ, ಬಾಯಿ ಬಿಟ್ಟರೆ ಊಟದ ಮಾತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂದು ಅರ್ಧ ಅಡುಗೆಮನೆ ಕಟ್ಟಿಕೊಂಡು ಬಂದಿದ್ದ.

ಭೂತಾನದ ಗಡಿಯಲ್ಲಿ ನಮ್ಮವರಿಗೆ ವೀಸಾ ಬೇಡ. ಪಾಸ್‌ಪೋರ್ಟು ಇಲ್ಲವೇ ಮತದಾರರ ಗುರುತಿನ ಚೀಟಿ ತೋರಿಸಿದರೆ ಸಾಕು. ಗೌಡರು ತೆಗೆದದ್ದು ಆಧಾರ್ ಕಾರ್ಡು. ನಡೆಯುವುದಿಲ್ಲ ಎಂದಳು ಗಾಜಿನ ಹಿಂದಿನ ಹುಡುಗಿ, ಬಹಳ ವಿನಯದಿಂದ.

"ಅಲ್ರಿ, ನಾ ಒಂದು ಸಂಘದ ಅಧ್ಯಕ್ಷ ಇದ್ದೀನಿ!" ಎಂದರು ಗೌಡರು, ಕನ್ನಡದಲ್ಲೇ. ಆಕೆ ನಕ್ಕಳು, ಕೈ ಮುಗಿದಳು, ಮುಂದಿನವರನ್ನು ಕರೆದಳು. ನಮ್ಮ ರಾಯಭಾರದ ಕಚೇರಿಗೆ ಹೋಗಿ ಗುರುತಿನ ಚೀಟಿ ಮಾಡಿಸಿಕೊಂಡು ಬರುವಷ್ಟರಲ್ಲಿ ಇಡೀ ದಿನ ಹೋಯಿತು. ಅಷ್ಟು ಹೊತ್ತು ಗೌಡರು ಸಾಲಿನಲ್ಲಿ ನಿಂತಿದ್ದರು. ಅವರು ಸಾಲಿನಲ್ಲಿ ನಿಂತದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಗಡಿಯ ಈಚೆ ಹಾರ್ನಿನ ಗದ್ದಲ, ಗೋಡೆಯಾಚೆ ಸದ್ದೇ ಇಲ್ಲ. ಅದೇ ಬಿಸಿಲು, ಅದೇ ಧೂಳು, ಆದರೆ ರಸ್ತೆ ದಾಟಲು ಒಂದು ಮುದುಕಿ ಕಾಲು ಮುಂದಿಟ್ಟರೆ ಲಾರಿ ನಿಲ್ಲುತ್ತದೆ. ಈರಪ್ಪ ಇದನ್ನು ನಂಬದೆ ಮೂರು ಸಲ ದಾಟಿ ಪರೀಕ್ಷೆ ಮಾಡಿದ. ಗಡಿಯಾರ ಅರ್ಧ ತಾಸು ಮುಂದಿಟ್ಟುಕೊಳ್ಳಬೇಕು. ಗೌಡರು ಇಟ್ಟುಕೊಳ್ಳಲಿಲ್ಲ. ಪ್ರವಾಸ ಮುಗಿಯುವವರೆಗೂ ಎಲ್ಲ ಕಡೆ ತಡವಾಗಿ ಬಂದು, ಅವರೇ ಲಗೂ ಶುರು ಮಾಡ್ಯಾರ ಎಂದು ಬೈದರು.

ಥಿಂಪು

ರಾಜಧಾನಿಯಲ್ಲಿ ನಮ್ಮನ್ನು ಬರಮಾಡಿಕೊಂಡವರು ದೋರ್ಜಿ. ಐವತ್ತರ ಮೇಲಿನ ಅಧಿಕಾರಿ, ಮೊಣಕಾಲ ತನಕದ ನಿಲುವಂಗಿ, ಸಭ್ಯ ಮನುಷ್ಯ. ಬಾಯಲ್ಲಿ ಸದಾ ಎಲೆ ಅಡಿಕೆ. ಅಲ್ಲಿ ಅದಕ್ಕೆ ದೋಮಾ ಅನ್ನುತ್ತಾರೆ. ಹಸಿ ಅಡಿಕೆ, ನಮ್ಮ ಎಲೆ ಅಡಿಕೆಯ ಗಮ್ಮತ್ತು ಇಲ್ಲ, ವಾಸನೆ ಬೇರೆ ಘಾಟು. ಬಾಯಿಗಿಟ್ಟುಕೊಂಡ ಈರಪ್ಪನಿಗೆ ಬೆವರು ಕಿತ್ತು ಬಂದು, ಗೋಡೆ ಹಿಡಿದು ಕೂತ. ದೋರ್ಜಿಯವರ ಹಿಂದಿ ಸಿನಿಮಾ ನೋಡಿ ಕಲಿತದ್ದು, ನನ್ನದು ಹುಬ್ಬಳ್ಳಿ ಮಾರ್ಕೆಟಿನಲ್ಲಿ ಕಲಿತದ್ದು. ಇಬ್ಬರಿಗೂ ವ್ಯಾಕರಣದ ಕಾಟವಿಲ್ಲದ್ದರಿಂದ ಚಲೋ ಹೊಂದಿಕೆಯಾಯಿತು. ಇಲ್ಲಿ ಬರೆಯುವಾಗ ಅಲ್ಲಿಯವರ ಬಾಯಲ್ಲೂ ನಮ್ಮ ಕಡೆಯ ಮಾತೇ ಬರುತ್ತದೆ. ಅವರು ಆಡಿದ್ದು ನನ್ನ ಕಿವಿಗೆ ಹಾಗೇ ಕೇಳಿದ್ದು.

ಊಟಕ್ಕೆ ಮೆಣಸಿನಕಾಯಿ ಪಲ್ಯ. ಮೆಣಸಿನಕಾಯಿ ಹಾಕಿದ ಪಲ್ಯವಲ್ಲ, ಮೆಣಸಿನಕಾಯಿಯದೇ ಪಲ್ಯ, ಚೀಸಿನಲ್ಲಿ ಬೇಯಿಸಿದ್ದು. ಖಾರದ ಊರಿನವರು ನಾವು ಎಂದು ಎದೆ ಉಬ್ಬಿಸಿ ಕೂತಿದ್ದ ಮೂವರೂ ಕಣ್ಣು ಮೂಗು ಒರೆಸಿಕೊಂಡೆವು. ಅದನ್ನು ನಾನು ಮೆಚ್ಚಿಕೊಂಡೆ. ಇಡೀ ಪ್ರವಾಸದಲ್ಲಿ ತಕರಾರಿಲ್ಲದೆ ಮೆಚ್ಚಿದ್ದು ಅದೊಂದೇ ಇರಬೇಕು.

ದೋರ್ಜಿ ತಮ್ಮ ಕಾನೂನಿನ ಪುಸ್ತಕ ತೋರಿಸಿದರು. ತೆಳ್ಳಗಿತ್ತು, ಶಾಲೆಯ ಮಗುವಿನ ಪಾಟಿಯ ಹಾಗೆ. ನಮ್ಮ ಸಂಘದಲ್ಲಿದ್ದ ಕಾಯ್ದೆಯ ಪುಸ್ತಕಕ್ಕೆ ತಿದ್ದುಪಡಿಯ ಚೀಟಿಗಳನ್ನು ಅಂಟಿಸಿ ಅಂಟಿಸಿ ಅದರ ಹೊಟ್ಟೆ ಉಬ್ಬಿ, ದಾರ ಕಟ್ಟಿ ಇಡುತ್ತಿದ್ದೆವು. ಅಲ್ಲಿ ಸಂಘವನ್ನು ನೋಂದಾಯಿಸುವ ಕಚೇರಿ ಬೇರೆ, ಜನರ ಠೇವಣಿ ಮುಟ್ಟಲು ಅಪ್ಪಣೆ ಕೊಡುವ ಕಚೇರಿ ಬೇರೆ. ಎರಡೂ ಕಡೆ ಹೂಂ ಅನ್ನಿಸಿಕೊಳ್ಳುವ ತನಕ ಬ್ಯಾಂಕು ಅನ್ನುವ ಹಾಗಿಲ್ಲ. ಇದು ನಮ್ಮಲ್ಲೂ ಇದೆ, ಇಬ್ಬರು ಅತ್ತೆಯರಿರುವ ಸೊಸೆಯ ಬಾಳು, ಎಂದೆ. ದೋರ್ಜಿ ನಕ್ಕರು.

"ನಮಗ ಅದಲ್ಲ ಕಷ್ಟ," ಎಂದರು. "ದೇಶ ಸಣ್ಣದು. ಕಣಿವಿ ಅದಕ್ಕಿಂತ ಸಣ್ಣದು. ಉಪವಿಧಿಯೊಳಗ ಒಂದು ಸಾಲು ತಪ್ಪಿದ್ರ ಇಡೀ ಕಣಿವಿಗೆ ತಪ್ಪತೈತಿ. ಆದ್ರ ನಿಮ್ಮ ಸಲಹಾ ಭಾಳ ಚಲೋ ಇತ್ರಿ. ಹಂಗ ಹಾಕೀವಿ."

ಕರಡು ನನ್ನ ಮುಂದಿಟ್ಟರು. ಇಂಗ್ಲಿಷು ನಿಧಾನಕ್ಕೆ ಓದಿದೆ. ಒಂದು ಕಡೆ ಹೀಗಿತ್ತು: ಸತತವಾಗಿ ಸಭೆಗಳಿಗೆ ಗೈರಾದ ಸದಸ್ಯರಿಗೆ ಚುನಾವಣೆಯಲ್ಲಿ ಮತವಿಲ್ಲ. ಕೆಳಗೆ ನಮ್ಮ ಸಲಹೆಯ ಟಿಪ್ಪಣಿ: ಇದರಿಂದ ಸದಸ್ಯರಲ್ಲಿ ಶಿಸ್ತು ಬಂದಿದೆ ಎಂಬುದು ನಮ್ಮ ಅನುಭವ.

ಅದು ನನ್ನ ವಾಕ್ಯ. ನಮ್ಮ ಮನೆಯ ಪಡಸಾಲೆಯಲ್ಲಿ, ಮೊಳೆಗೆ ನೇತು ಹಾಕಿದ ಹಳೆ ಕಡತ ನೋಡಿ ಬರೆದದ್ದು. ಅನುಭವವೂ ಇಲ್ಲ, ಅದರ ಅಪ್ಪನೂ ಇಲ್ಲ. ಆ ನಿಯಮವನ್ನು ನಾವು ಏನಕ್ಕೆ ಬಳಸಿದೆವು ಎಂದು ನನ್ನಷ್ಟು ಬಲ್ಲವರು ಜಿಲ್ಲೆಯಲ್ಲಿ ಇಲ್ಲ. ಬಾಯಿ ಬಿಡಬೇಕಿತ್ತು. ಗೌಡರು ನನ್ನತ್ತ ನೋಡಿ ಹೆಮ್ಮೆಯಿಂದ ತಲೆ ಆಡಿಸಿದರು. ನಾನು ಚಸ್ಮಾ ಒರೆಸಿಕೊಂಡೆ.

ಹಾ ಕಣಿವೆ

ಹಾ ಎಂಬುದು ಕಣಿವೆಯ ಹೆಸರು. ನದಿ, ಗೋಧಿ ಹೊಲ, ಮರದ ಮನೆಗಳು, ಛಾವಣಿಯ ಮೇಲೆ ಒಣಗಲು ಹರವಿದ ಕೆಂಪು ಮೆಣಸಿನಕಾಯಿ. ಎರೆಭೂಮಿಯಲ್ಲಿ ಹುಟ್ಟಿದ ನನಗೆ ಸುತ್ತ ಗುಡ್ಡ ಎದ್ದು ನಿಂತರೆ ಉಸಿರು ಕಟ್ಟುತ್ತದೆ. ನಮ್ಮಲ್ಲಿ ಒಂದು ಊರಲ್ಲಿ ನಿಂತರೆ ಮುಂದಿನ ಊರಿನ ಬೇವಿನ ಮರ ಕಾಣುತ್ತದೆ. ಇಲ್ಲಿ ಪಕ್ಕದ ಮನೆಗೆ ಹೋಗಲು ಒಂದು ಗುಡ್ಡ ಏರಿ ಇಳಿಯಬೇಕು.

ಸಭೆ ಊರ ಶಾಲೆಯಲ್ಲಿ. ಬೆಳಿಗ್ಗೆಯೇ ಜನ ತುಂಬಿದರು. ಆದರೆ ಶುರುವಾಗಲಿಲ್ಲ. ಗೌಡರು ಬಂದು ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸತೊಡಗಿದರು.

"ಕೋರಂ ಆಗೇತಲ್ರಿ, ಶುರು ಮಾಡಂತ ಹೇಳ್ರಿ ಅವಂಗ."

ದೋರ್ಜಿ ವಿವರಿಸಿದರು. ಮೇಲಿನ ಹುಲ್ಲುಗಾವಲಿನಿಂದ ದನಗಾಹಿಗಳು ಬರುತ್ತಿದ್ದಾರೆ. ಬೇಸಿಗೆ ಬಂತೆಂದರೆ ಅವರು ಯಾಕ್ ಎಂಬ ಉದ್ದ ಕೂದಲಿನ ದನಗಳನ್ನು ಹೊಡೆದುಕೊಂಡು ಮೇಲೆ ಹೋಗುತ್ತಾರೆ, ಚಳಿಗೆ ಇಳಿಯುತ್ತಾರೆ. ಇವತ್ತಿನದು ಬ್ಯಾಂಕಿನ ಮೊದಲ ಸಭೆ, ಅದಕ್ಕೆಂದೇ ನಿನ್ನೆಯೇ ಹೊರಟಿದ್ದಾರೆ.

"ಬರದಿದ್ರ?" ಎಂದರು ಗೌಡರು.

"ಬರ್ತಾರ್ರಿ. ಹೊಂಟಾರ."

ಕಾದರು. ಯಾರೂ ಗೊಣಗಲಿಲ್ಲ. ಗಂಡಸರು ಅಂಗಳದಲ್ಲಿ ಬಾಣ ಬಿಡುವ ಆಟ ಹೂಡಿದರು, ಗುರಿ ತಾಗಿದಾಗಲೆಲ್ಲ ಸಾಲಾಗಿ ನಿಂತು ಹಾಡಿ ಕುಣಿದರು. ಹೆಂಗಸರು ನನ್ನ ಇಳಕಲ್ ಸೀರೆಯ ಸೆರಗನ್ನು ತಿರುಗಿಸಿ ಮುರುಗಿಸಿ ನೋಡಿ, ನೇಯ್ಗೆಯ ಹಿಂಬದಿ ಹೇಗಿದೆ ಎಂದು ಪರೀಕ್ಷಿಸಿದರು. ಅಲ್ಲಿ ಎಲ್ಲರ ಮನೆಯಲ್ಲೂ ಮಗ್ಗ. ಈರಪ್ಪ ಖಡಕ್ ರೊಟ್ಟಿ ಹಂಚಿದ. ಒಬ್ಬಳು ಅದನ್ನು ತಿನ್ನುವ ಪದಾರ್ಥ ಎಂದು ತಿಳಿಯದೆ ಗೋಡೆಗೆ ಒರಗಿಸಿಟ್ಟಳು.

ನಡು ಹಗಲಿನ ಹೊತ್ತಿಗೆ ದನಗಾಹಿಗಳು ಬಂದರು. ಮುಂದೆ ಒಬ್ಬ ಮುದುಕಿ, ಬೆನ್ನಿಗೆ ಬುಟ್ಟಿ, ಕೆನ್ನೆ ಬಿಸಿಲಿಗೆ ಸುಟ್ಟು ತಾಮ್ರವಾಗಿತ್ತು. ಎಲ್ಲರೂ ಎದ್ದು ಜಾಗ ಬಿಟ್ಟರು. ಆಮ್ ದೇಮಾ ಎಂದರು. ಆಮ್ ಎಂದರೆ ಹಿರಿಯ ಹೆಣ್ಣುಮಗಳಿಗೆ ಮರ್ಯಾದೆಯ ಮಾತು, ನಮ್ಮ ಅವ್ವಾರು ಇದ್ದ ಹಾಗೆ.

ಕಾಯುವುದು ಗೊತ್ತಿದ್ದ ಆ ಜನರನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ನಮ್ಮ ಸಂಘದಲ್ಲಿ ಯಾವ ಸಭೆಗೂ ಯಾರಿಗೂ ನಾವು ಕಾದದ್ದು ನೆನಪಿಲ್ಲ.

ಅದೇ ಸಭೆ, ಮಧ್ಯಾಹ್ನ

ದೋರ್ಜಿ ಉಪವಿಧಿಯನ್ನು ಒಂದೊಂದಾಗಿ ಅವರ ಭಾಷೆಯಲ್ಲಿ ಓದಿದರು. ಒಂದು ಓದಿ ನಿಲ್ಲಿಸುವುದು, ಜನ ತಮ್ಮ ತಮ್ಮಲ್ಲಿ ಮಾತಾಡುವುದು, ಹೂಂ ಅಂದ ಮೇಲೆ ಮುಂದೆ. ಗೌಡರು ಎರಡು ಸಲ ತೂಕಡಿಸಿದರು. ನನ್ನ ವಾಕ್ಯ ಬಂದಾಗ ಹೂಂ ಬರಲಿಲ್ಲ. ದೇಮಾ ಏನೋ ಕೇಳಿದಳು. ದೋರ್ಜಿ ನಮ್ಮತ್ತ ತಿರುಗಿದರು.

"ವರ್ಷದ ಸಭಾ ಬ್ಯಾಸಗಿಯೊಳಗ ಐತಿ. ಆವಾಗ ನಾವು ಮ್ಯಾಲ ಇರ್ತೀವಿ, ಬರಾಕ ಆಗೂದಿಲ್ಲ. ಹಂಗಾದ್ರ ಈ ಬ್ಯಾಂಕ್‌ನಾಗ ನಾವು ಯಾರು, ಅಂತ ಕೇಳಾಕ್ಹತ್ಯಾರ್ರಿ."

ಗೌಡರು ಎಚ್ಚರಾದರು. ಎದ್ದು ನಿಂತು, ನಮ್ಮ ದೇಶದಲ್ಲಿ ಇದು ಹಳೆಯ ಪದ್ಧತಿ, ಸಭೆಗೆ ಬಾರದವನಿಗೆ ಸಂಘದ ಮೇಲೆ ಪ್ರೀತಿ ಇಲ್ಲ, ಶಿಸ್ತು ಬೇಕು, ಎಂದು ಹಿಂದಿ ಇಂಗ್ಲಿಷು ಕಲಸಿ ಭಾಷಣ ಮಾಡಿದರು. ಜನ ಗಂಭೀರವಾಗಿ ಕೇಳಿದರು. ದೊಡ್ಡ ದೇಶದಿಂದ ಬಂದವರು, ಅನುಭವಸ್ಥರು. ಕೆಲವರು ತಲೆ ಆಡಿಸಲು ಶುರು ಮಾಡಿದರು. ದೇಮಾ ತಲೆ ತಗ್ಗಿಸಿ ತನ್ನ ಬುಟ್ಟಿಯ ಹಗ್ಗ ಬಿಚ್ಚಿ ಕಟ್ಟುತ್ತಿದ್ದಳು.

ಆ ತಗ್ಗಿದ ತಲೆ ನೋಡಿ ನಾನು ಎದ್ದೆ.

"ದೋರ್ಜಿ ಸಾಹೇಬ್ರ, ನಾ ಹೇಳೂದನ್ನ ಇದ್ದದ್ದ ಇದ್ದಂಗ ಹೇಳ್ರಿ ಇವ್ರಿಗೆ. ಆ ಸಾಲು ನಾನ ಬರದದ್ದು. ಅದು ಸುಳ್ಳು."

ಗೌಡರು ಕನ್ನಡದಲ್ಲಿ, ನಗುಮುಖ ಹಾಗೇ ಇಟ್ಟುಕೊಂಡು, "ಕಸ್ತೂರಕ್ಕ, ಕುಂದರ್ರಿ. ಪರದೇಶದಾಗ ಊರ ಮಾನ ಕಳೀಬ್ಯಾಡ್ರಿ," ಎಂದರು.

"ಊರ ಮಾನ ಊರಾಗ ಇದ್ದಾಗ ಕಳದೀವಲ್ರಿ ಇಬ್ರೂ ಕೂಡಿ," ಎಂದೆ. ನನ್ನ ದನಿ ಶಾಲೆಯ ಗೋಡೆಗೆ ಬಡಿದು ಮರಳಿತು. ಈರಪ್ಪ ಬಾಯಲ್ಲಿದ್ದದ್ದನ್ನು ಅಗಿಯುವುದು ನಿಲ್ಲಿಸಿದ.

ಹೇಳಿದೆ. ನಮ್ಮ ಸಂಘದ ವಾರ್ಷಿಕ ಸಭೆಯ ದಿನ ಸಭೆ ಇರುವುದಿಲ್ಲ. ಹತ್ತು ಜನ ಕೂತು ಮಿರ್ಚಿ ಮಂಡಕ್ಕಿ ತಿಂದು ಏಳುತ್ತಾರೆ. ಮರುದಿನದಿಂದ ಹಾಜರಿ ಪುಸ್ತಕ ಮನೆ ಮನೆಗೆ ಹೋಗುತ್ತದೆ. ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು ಎಂಬ ಪಟ್ಟಿಯನ್ನು ಅಧ್ಯಕ್ಷರು ಕೊಡುತ್ತಾರೆ. ಪುಸ್ತಕ ಹೊತ್ತವಳು ನಾನು. ಪುಸ್ತಕ ಬಂದ ಮನೆಯವರು ಹೊಲದಲ್ಲಿದ್ದರೂ ಸಭೆಗೆ ಹಾಜರು. ಪುಸ್ತಕ ಬಾರದ ಮನೆಯವರಿಗೆ ಸಭೆಯ ನೋಟಿಸೂ ಹೋಗುವುದಿಲ್ಲ, ಅವರ ಹೆಸರಿನ ಮುಂದೆ ನಾನೇ ಗೈರು ಎಂದು ಬರೆಯುತ್ತೇನೆ. ಹೀಗೆ ಕೆಲವು ವರ್ಷ ನಡೆದರೆ ಅವರು ಮತ ಹಾಕುವ ಹಾಗಿಲ್ಲ. ಕಾಯ್ದೆ ಹೇಳುತ್ತದೆ, ನಾವೇನು ಮಾಡುವುದು? ಅಧ್ಯಕ್ಷರು ಬದಲಾಗುವುದೇ ಇಲ್ಲ. ಅವಿರೋಧ ಆಯ್ಕೆ ಎಂದು ಹಾರ ಹಾಕುತ್ತೇವೆ.

ದೋರ್ಜಿ ಅನುವಾದ ಮಾಡುತ್ತ ಮಾಡುತ್ತ ನಿಧಾನವಾದರು. ಒಮ್ಮೆ ನನ್ನ ಮುಖ ನೋಡಿದರು, ಇದನ್ನೂ ಹೇಳಲೇ ಎನ್ನುವಂತೆ. ಹೇಳ್ರಿ ಎಂದೆ.

ಆಮೇಲೆ ಗಂಗವ್ವನ ಮಾತು ಬಂತು. ಅದನ್ನು ಹೇಳಬೇಕೆಂದು ಎದ್ದವಳಲ್ಲ, ಬಾಯಿಗೆ ತಾನೇ ಬಂತು. ಗಂಗವ್ವ ನಮ್ಮ ಓಣಿಯವಳು. ಸಂಘ ಶುರುವಾದಾಗ ಸದಸ್ಯಳಾದ ಮೊದಲ ಹೆಂಗಸು. ಮೊದಮೊದಲು ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುತ್ತಿದ್ದಳು, ಅದಕ್ಕೇ ಅವಳ ಮನೆಗೆ ಪುಸ್ತಕ ಹೋಗುವುದು ನಿಂತಿತು. ಚುನಾವಣೆಯ ದಿನ ಚಲೋ ಸೀರೆ ಉಟ್ಟು, ಮೊಮ್ಮಗಳನ್ನು ಕರೆದುಕೊಂಡು ಮತ ಹಾಕಲು ಬಂದಳು. ಪಟ್ಟಿಯಲ್ಲಿ ಹೆಸರಿರಲಿಲ್ಲ. "ಕಸ್ತೂರಿ, ನನ್ನ ಹೆಸರು ಎಲ್ಲಿ ಹೋತ?" ಎಂದು ಸಾಲಿನಲ್ಲಿ ನಿಂತವರೆಲ್ಲರ ಎದುರು ಕೇಳಿದಳು. ನಾನು, "ನೀ ಸಭಾಕ್ಕ ಬಂದಿಲ್ಲಲ್ಲವಾ," ಎಂದೆ. ಮೊಮ್ಮಗಳ ಕೈ ಹಿಡಿದುಕೊಂಡು ಮರಳಿ ಹೋದಳು.

ದೇಮಾ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ದೋರ್ಜಿ ಅದನ್ನು ಹಿಂದಿಗೆ ತಂದರು.

"ಆ ಅವ್ವಾರ ಹೆಸರು ತಿರಗಿ ಬರದ್ರೇನು, ಅಂತ ಕೇಳ್ತಾರ್ರಿ."

"ಇಲ್ಲ," ಎಂದೆ.

"ಅವ್ರಿಗೆ ಹೇಳೀರೇನು? ನೀವ ಮಾಡಿದ್ದು ಅಂತ?"

"ಇಲ್ರಿ."

ದೇಮಾ ತನ್ನವರ ಕಡೆ ತಿರುಗಿ ಮಾತಾಡಲು ತೊಡಗಿದಳು, ನನ್ನ ಕೆಲಸ ಅಲ್ಲಿಗೆ ಮುಗಿದ ಹಾಗೆ. ಒಂದು ತಾಸು ಚರ್ಚೆ ಮಾಡಿ ಅವರು ಆ ಸಾಲನ್ನು ಹೊಡೆದು ಹಾಕಿದರು. ವರ್ಷದ ಸಭೆಯನ್ನು ಚಳಿಗಾಲಕ್ಕೆ, ಎಲ್ಲರೂ ಕೆಳಗಿರುವ ಹೊತ್ತಿಗೆ ಇಟ್ಟುಕೊಂಡರು. ಹಾಜರಿ ಪುಸ್ತಕ ಸಭೆಯ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಹೊಸದೊಂದು ಸಾಲು ಸೇರಿಸಿದರು. ಅದನ್ನು ಓದಿದಾಗ ಇಡೀ ಶಾಲೆ ಹೂಂ ಎಂದಿತು.

ಗೌಡರು ವಾಪಸು ಬರುವಾಗ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಈರಪ್ಪ ಮಾತ್ರ ವಿಮಾನ ನಿಲ್ದಾಣದಲ್ಲಿ ಹತ್ತಿರ ಬಂದು, ಮೆಲ್ಲಗೆ, "ಅಕ್ಕಾರ, ನಮ್ಮ ಸಂಘದಾಗೂ ಪುಸ್ತಕ ಮನೀಗೇ ಬರತೈತ್ರಿ. ನಾ ಒಂದ ದಿನಾನೂ ಯಾಕಂತ ಕೇಳಿಲ್ಲ," ಎಂದ. ಅವನ ಮೇಲೂ ಸಿಟ್ಟು ಬಂತು. ಆದರೆ ಅವನ ಕೈಗೆ ಪುಸ್ತಕ ಕೊಟ್ಟವರು ಅಲ್ಲಿಯೂ ನನ್ನಂಥವರೇ ಯಾರೋ ಇರಬೇಕು.

ಮತ್ತೆ ನಮ್ಮೂರು

ಬಂದ ಮೇಲೆ ನಾಲ್ಕು ದಿನ ಗಂಗವ್ವನ ಮನೆಯ ದಾರಿ ತಪ್ಪಿಸಿ ಓಡಾಡಿದೆ. ಭೂತಾನದಲ್ಲಿ, ನನ್ನ ಮುಖ ಮತ್ತೆ ನೋಡದವರ ಎದುರು, ಎದೆ ಎತ್ತಿ ಮಾತಾಡಿದ್ದೆ. ಇಲ್ಲಿ ಇಪ್ಪತ್ತು ಹೆಜ್ಜೆ ನಡೆಯಲು ಕಾಲು ಬರಲಿಲ್ಲ. ಐದನೆಯ ದಿನ ಹೋದೆ. ಆಕೆ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಪಟ್ಟಿ, ಪುಸ್ತಕ, ಗೈರು, ಎಲ್ಲ. ಆಕೆ ಮೊರದಿಂದ ಕೈ ತೆಗೆಯಲಿಲ್ಲ.

"ಇದನ್ನ ಯಾವುದೋ ದೇಶಕ್ಕ ಹೋಗಿ ಹೇಳಿ ಬಂದಿ ಏನು?" ಎಂದಳು.

"ಹೌದು."

"ಅವ್ರಿಗೆ ಮೊದ್ಲ ಹೇಳಿದಿ. ನನಗ ಆಮ್ಯಾಲೆ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಆಕೆ ಕೈ ಎತ್ತಿ ನಿಲ್ಲಿಸಿದಳು. ಒಳಗೆ ಹೋಗಿ ಮೊಮ್ಮಗಳ ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟಳು.

"ಬಾಯಿ ಮಾತು ಬ್ಯಾಡ. ಬರಿ. ಆವಾಗ ಭಾಳ ಚಂದ ಬರದಿದ್ದಿಯಲ್ಲ. ಯಾರ್ ಯಾರ ಹೆಸರು ತಗದಿ, ಯಾರು ತಗಿ ಅಂದ್ರು, ಎಲ್ಲಾ ಬರಿ. ಕೆಳಗ ಸಹಿ ಮಾಡು."

ಕೂತು ಬರೆದೆ. ನೆನಪಿದ್ದ ಹೆಸರುಗಳೇ ಮೂರು ಹಾಳೆ ತುಂಬಿದವು. ಬರೆದ ಹೆಸರನ್ನು ಆಕೆ ಒಂದೊಂದಾಗಿ ಓದಿಸಿಕೊಂಡಳು. ನಾನು ಮರೆತಿದ್ದ ಐದು ಹೆಸರು ಆಕೆಗೆ ನೆನಪಿದ್ದವು. ಸಹಿ ಮಾಡಿದೆ. ಇದನ್ನು ಗದಗಿನ ಸಹಕಾರ ಇಲಾಖೆಯ ಕಚೇರಿಗೆ ನಾಳೆ ನಾನೇ ಕೊಟ್ಟು ಬರುತ್ತೇನೆ ಎಂದೆ.

"ನೀ ಒಬ್ಬಾಕಿ ಹೋದ್ರ ದಾರ್ಯಾಗ ಮನಸ ಬದಲ ಮಾಡ್ತಿ," ಎಂದಳು. "ನಾನೂ ಬರ್ತೀನಿ. ಹಾಳಿ ನನ್ನ ಕಡೆ ಇರ್ಲಿ."

ಮರುದಿನ ಮುಂಜಾನೆಯ ಬಸ್ಸಿಗೆ ಇಬ್ಬರೂ ಬಂದೆವು. ನಾನು ಮೊದಲು ಹತ್ತಿ ಕಿಟಕಿಯ ಪಕ್ಕ ಕೂತೆ, ಆಕೆಗೆ ಜಾಗ ಮಾಡಿ ಸರಿದೆ. ಗಂಗವ್ವ ಹತ್ತಿದಳು, ನನ್ನನ್ನು ನೋಡಿದಳು. ಹಾಳೆಗಳಿದ್ದ ಚೀಲ ಎದೆಗೆ ಒತ್ತಿ ಹಿಡಿದು, ಮುಂದೆ ಹೋಗಿ ಬೇರೆ ಸೀಟಿನಲ್ಲಿ ಕೂತಳು.